ಇಪ್ಪತ್ತು ಕಿಲೋಮೀಟರು, ಇಪ್ಪತ್ತು ಸೆಂಟಿಮೀಟರು

ಗಂಡಸು ಅಪ್ಪನಾಗುವುದು ಯಾವ ಘಳಿಗೆಯಲ್ಲಿ? ಆಸ್ಪತ್ರೆಯ ರಜಿಸ್ಟರು ನೋಡಿದರೆ ಉತ್ತರ ಸುಲಭ. ದಿನಾಂಕ, ತಾಸು, ನಿಮಿಷ, ಕೂಸಿನ ತೂಕ ಎಲ್ಲವೂ ಅಲ್ಲಿ ಬರೆದಿರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ತರುಣನೊಬ್ಬನೂ ಹಾಗೆಯೇ ತಿಳಿದಿದ್ದ. ರಜಿಸ್ಟರಿನ ಪ್ರಕಾರ ಅಪ್ಪನಾದ ಮರುದಿನ ಅವನು ಎರಡು ಕಿಲೋ ಧಾರವಾಡ ಪೇಢೆ ಹಿಡಿದುಕೊಂಡು ಕಚೇರಿಗೆ ಬಂದ.

"ಪೇಢೆ ತಂದೀರಿ ಅಂದ್ರ ಗಂಡು!" ಎಂದರು ಪಕ್ಕದ ಮೇಜಿನವರು.

"ಅಲ್ರಿ, ಹೆಣ್ಣು."

"ಹಂಗಾರ ಜಿಲೇಬಿ ಹಂಚಬೇಕಿತ್ತಲ್ಲೋ ಮಾರಾಯಾ. ಗಂಡಾದ್ರ ಪೇಢೆ, ಹೆಣ್ಣಾದ್ರ ಜಿಲೇಬಿ."

"ಧಾರವಾಡದಾಗ ಹುಟ್ಟಿದ ಕೂಸಿಗೆ ಪೇಢೆ ಬಿಟ್ಟು ಜಿಲೇಬಿ ಹಂಚಿದ್ರ ಊರ ಮಾನ ಹೋಗ್ತದ್ರಿ."

ಎಲ್ಲರೂ ನಕ್ಕು ಎರಡೆರಡು ಪೇಢೆ ತಿಂದರು. ಮ್ಯಾನೇಜರ್ ಸಾಹೇಬರು ನಾಲ್ಕು ತಿಂದರು. ಬಾಯಿ ಸಿಹಿಯಾಗಿರುವಾಗಲೇ ಕೇಳಿಬಿಡುವುದು ಒಳ್ಳೆಯದೆಂದು ಹೊಸ ಅಪ್ಪ ರಜೆಯ ಅರ್ಜಿ ಮುಂದಿಟ್ಟ. ಹದಿನೈದು ದಿನ.

"ಹಡದವರು ಅವರೋ, ನೀವೋ?" ಎಂದು ಕೇಳಿದ ಸಾಹೇಬರು ಐದನೆಯ ಪೇಢೆ ಬಾಯಿಗೆ ಹಾಕಿಕೊಂಡರು. ಚರ್ಚೆ ಅಲ್ಲಿಗೆ ಮುಗಿಯಿತು. ಎರಡು ದಿನ ಮಂಜೂರಾಯಿತು.

ಸಾಹೇಬರ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ಕೇಂದ್ರ ಸರಕಾರದ ನೌಕರರಿಗೆ 1997ರಿಂದ 15 ದಿನಗಳ ಪಿತೃತ್ವ ರಜೆ ಇದೆ. ತಾಯಂದಿರಿಗೆ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಿಗುತ್ತದೆ. ಖಾಸಗಿ ಕಂಪನಿಯ ಅಪ್ಪನಿಗೆ ಇಷ್ಟು ದಿನ ಕೊಡಲೇಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ. ಕೂಸು ಮಾತ್ರ ಸರಕಾರಿ, ಖಾಸಗಿ ಎಂದು ನೋಡಿ ಹುಟ್ಟುವುದಿಲ್ಲ. ನೋಡಿ ಅಳುವುದೂ ಇಲ್ಲ.

ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗಬೇಕು. ಹೆಂಡತಿಯ ತವರು ಧಾರವಾಡದ ಮಾಳಮಡ್ಡಿ. ಗಂಡನ ಮನೆ ಹುಬ್ಬಳ್ಳಿಯ ವಿದ್ಯಾನಗರ. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆಯಾದವು, ಅವಳಿ ನಗರ ಎನಿಸಿಕೊಂಡವು. ಆದರೆ ಈ ಅವಳಿಗಳ ನಡುವಿನ ಸುಮಾರು 20 ಕಿಲೋಮೀಟರು ಎಷ್ಟು ಉದ್ದ ಎನ್ನುವುದು ಹೊಸದಾಗಿ ಅಪ್ಪನಾದವನಿಗೇ ಗೊತ್ತು. 2018ರಲ್ಲಿ ಓಡಾಟ ಶುರು ಮಾಡಿದ ಚಿಗರಿ ಬಸ್ಸಿಗೆ ತನ್ನದೇ ಪ್ರತ್ಯೇಕ ದಾರಿ ಇದೆ. ಚಿಗರಿ ಎಂದರೆ ಜಿಂಕೆ. ಕೂಸು ನೋಡಲು ಹೊರಟವನ ಕಣ್ಣಿಗೆ ಮಾತ್ರ ಅದು ಉಣಕಲ್ಲಿನ ತನಕ ಎತ್ತು, ನವನಗರ ದಾಟುವುದರೊಳಗೆ ಆಮೆ.

ಜ್ಯುಬಿಲಿ ವೃತ್ತದಲ್ಲಿ ಇಳಿದು, ಆಟೋ ಹಿಡಿದು, ಮಾಳಮಡ್ಡಿಯ ಮನೆ ಮುಟ್ಟುವುದರೊಳಗೆ ಸಂಜೆ ಏಳೂವರೆ. ಬಾಗಿಲಲ್ಲಿ ಅತ್ತೆಯವರು.

"ಅಳಿಯಂದ್ರ, ಹೊರಗಿಂದ ಬಂದೀರಿ. ಕೈಕಾಲು ತೊಳಕೊಳ್ರಿ, ಒಂದೀಟು ಕುಂಡ್ರಿ, ಚಾ ಕುಡೀರಿ. ಆಮ್ಯಾಲೆ ಒಳಗ ಹೋಗೀರಂತ."

ಕೈಕಾಲು ತೊಳೆದದ್ದಾಯಿತು. ಕುಳಿತದ್ದಾಯಿತು. ಚಹದ ಜೊತೆ ಅಂಟಿನುಂಡಿ ಬಂತು. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ, ತುಪ್ಪ ಹಾಕಿ ಬಾಣಂತಿಯ ಸೊಂಟ ಗಟ್ಟಿಯಾಗಲೆಂದು ಕಟ್ಟಿದ ಉಂಡಿ ಅದು. ಬಾಣಂತಿಗೆ ದಿನಕ್ಕೆ ಒಂದು, ಅಳಿಯನಿಗೆ ಬಂದಾಗಲೊಮ್ಮೆ ಎರಡು. ತಿಂಗಳು ಕಳೆಯುವುದರೊಳಗೆ ಇಬ್ಬರ ಸೊಂಟದಲ್ಲಿ ಯಾರದು ಹೆಚ್ಚು ಗಟ್ಟಿಯಾಯಿತೆಂದು ಅವನ ಪ್ಯಾಂಟೇ ಹೇಳತೊಡಗಿತು.

ಉಂಡಿ ಮುಗಿಸಿ ಒಳಗೆ ಹೋದರೆ ಕೂಸು ಮಲಗಿರುತ್ತಿತ್ತು. ಅದೂ ನ್ಯಾಯವೇ. ಹುಟ್ಟಿದ ಹೊಸತರಲ್ಲಿ ಕೂಸು ದಿನಕ್ಕೆ ಸುಮಾರು 16 ತಾಸು ನಿದ್ದೆ ಮಾಡುತ್ತದೆ, ಆದರೆ ಒಂದೇ ಸಲಕ್ಕಲ್ಲ. ಎರಡು ತಾಸು, ಮೂರು ತಾಸು ಎಂದು ತುಂಡು ತುಂಡಾಗಿ. ಹಗಲು ರಾತ್ರಿಯ ಭೇದ ಅದಕ್ಕೆ ಗೊತ್ತಿಲ್ಲ. ಕತ್ತಲಾಯಿತು, ಮಲಗು ಎಂದು ಮೈಗೆ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಕೂಸಿನ ಮೈಯಲ್ಲಿ ರಾತ್ರಿಯ ತಾಳಕ್ಕೆ ಹೊಂದಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಇಪ್ಪತ್ತನಾಲ್ಕರಲ್ಲಿ ಹದಿನಾರು ಕಳೆದರೆ ಎಂಟು. ಆ ಎಂಟರಲ್ಲಿ ಹಾಲು ಕುಡಿಯುವುದು, ಎರೆಸಿಕೊಳ್ಳುವುದು, ಅಳುವುದು ಕಳೆದರೆ ಉಳಿಯುವುದು ಎಷ್ಟು? ಅಷ್ಟರಲ್ಲಿ ಏಳೂವರೆಯಿಂದ ಎಂಟೂವರೆಯ ನಡುವೆ ಅಪ್ಪನ ಪಾಲಿಗೆ ಬರುವುದೆಷ್ಟು? ಲೆಕ್ಕ ಬರೆಯುವವನಿಗೇ ಈ ಲೆಕ್ಕ ಬಿಡಿಸಲಾಗಲಿಲ್ಲ.

ಅದಕ್ಕೆ ಅವನು ಮೊಬೈಲಿನ ಮೊರೆ ಹೋದ. ದಿನಾಲೂ ಮಧ್ಯಾಹ್ನ ಊಟದ ಹೊತ್ತಿನಲ್ಲಿ ವಿಡಿಯೋ ಕರೆ. ಹೆಂಡತಿ ಫೋನನ್ನು ಕೂಸಿನ ಮುಂದೆ ಹಿಡಿಯುವುದು, ಇವನು ಇತ್ತ "ಪುಟ್ಟೀ, ಯಾರು ನೋಡು, ಅಪ್ಪ, ಅಪ್ಪ" ಎಂದು ಕಚೇರಿಯ ಜಿನೆಯ ಕೆಳಗೆ ನಿಂತು ಕೂಗುವುದು. ಪುಟ್ಟಿ ಸೀಲಿಂಗ್ ಫ್ಯಾನನ್ನು ನೋಡುತ್ತಿದ್ದಳು.

"ನನ್ನ ಬಿಟ್ಟು ಫ್ಯಾನ್ ನೋಡ್ತಾಳಲ್ಲ!"

"ಫ್ಯಾನ್ ಇಪ್ಪತ್ತನಾಕು ತಾಸು ಇಲ್ಲೇ ಇರ್ತದರೀ" ಎಂದಳು ಹೆಂಡತಿ. ಅವಳು ನಗೆಗೇ ಹೇಳಿದ್ದಳು. ಅವನು ಆ ದಿನ ಡಬ್ಬಿಯಲ್ಲಿ ಒಂದು ರೊಟ್ಟಿ ಉಳಿಸಿದ.

ತಪ್ಪು ಪುಟ್ಟಿಯದಲ್ಲ. ಹೊಸ ಕೂಸಿಗೆ ತಕ್ಕಮಟ್ಟಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ. ಅದರಾಚೆಯದು ಮಸುಕು, ಬೆಳಕಿನ ಮುಂದೆ ತಿರುಗುವ ಕಪ್ಪು ರೆಕ್ಕೆಗಳಂಥ ಎದ್ದು ಕಾಣುವ ಅಂಚುಗಳು ಅಷ್ಟಿಷ್ಟು ಗೋಚರಿಸುತ್ತವೆ. ಎದೆಗೆ ಹಚ್ಚಿಕೊಂಡ ಕೂಸಿನ ಕಣ್ಣಿಗೂ ತಾಯಿಯ ಮುಖಕ್ಕೂ ಇರುವ ಅಂತರ ಹೆಚ್ಚು ಕಡಿಮೆ ಅಷ್ಟೇ. ಹುಟ್ಟಿದ ಕೂಡಲೇ ನೋಡಬೇಕಾದದ್ದು ಯಾವುದೋ ಅದನ್ನು ನೋಡುವಷ್ಟೇ ಕಣ್ಣು. ಪುಟ್ಟಿಯ ಪ್ರಪಂಚದ ಗಡಿ 30 ಸೆಂಟಿಮೀಟರು. ಅಪ್ಪ ಇದ್ದದ್ದು 20 ಕಿಲೋಮೀಟರು ಆಚೆ.

ದನಿಯಾದರೂ ಗುರುತಿದ್ದೀತು ಎಂಬ ಆಸೆ ಅವನಿಗೆ. ಏಳನೆಯ ತಿಂಗಳಿಂದಲೂ ದಿನಾ ರಾತ್ರಿ ಹೆಂಡತಿಯ ಹೊಟ್ಟೆಯ ಹತ್ತಿರ ಬಾಯಿ ಇಟ್ಟು ಕಚೇರಿಯ ಸುದ್ದಿಯನ್ನೆಲ್ಲ ವರದಿ ಒಪ್ಪಿಸಿದವನು ಅವನು. ಇಲ್ಲಿಯೂ ವಿಜ್ಞಾನ ಅವನ ಕೈಬಿಟ್ಟಿತು. ಅಮೆರಿಕದ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬ ಮನೋವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಹುಟ್ಟಿ ಮೂರು ದಿನದೊಳಗಿನ ಕೂಸುಗಳ ಬಾಯಿಗೆ ಚೀಪುವ ತೊಟ್ಟು ಕೊಟ್ಟು, ಒಂದು ರೀತಿ ಚೀಪಿದರೆ ತಾಯಿಯ ದನಿ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ ಕೇಳುವಂತೆ ಮಾಡಿದರು. ಕೂಸುಗಳು ತಾಯಿಯ ದನಿ ಬರುವ ಹಾಗೆ ಚೀಪಿದವು. 1984ರಲ್ಲಿ ಡಿಕ್ಯಾಸ್ಪರ್ ಇದೇ ಪರೀಕ್ಷೆಯನ್ನು ಅಪ್ಪಂದಿರ ದನಿಯ ಮೇಲೆ ಮಾಡಿ ನೋಡಿದರು. ಅಪ್ಪನಾದರೇನು, ಬೇರೊಬ್ಬ ಗಂಡಸಾದರೇನು, ಹೆಚ್ಚು ಒಲವನ್ನು ಕೂಸುಗಳು ಯಾರಿಗೂ ತೋರಿಸಲಿಲ್ಲ. ತಾಯಿಯ ದನಿ ಮೈಯೊಳಗಿನಿಂದಲೇ ಹರಿದು ಬರುತ್ತದೆ. ಅಪ್ಪನದು ಹೊರಗಿನ ಗದ್ದಲದಲ್ಲಿ ಒಂದು.

ತೊಟ್ಟಿಲ ಕಾರ್ಯ ಬಂತು. ಅಪ್ಪನಿಗೆ ಅಂದು ಬಹಳ ಕೆಲಸ: ಖುರ್ಚಿ ತರುವುದು, ಹೂ ತರುವುದು, ಫೋಟೋದವನಿಗೆ ದಾರಿ ತೋರಿಸುವುದು. ಒಳಗಿನಿಂದ "ಅಳಿಯಂದ್ರ, ಬರ್ರಿ, ಎತ್ಕೊಳ್ರಿ" ಎಂಬ ಕರೆ ಬಂದಾಗ ಅವನು ಕೈಗಳನ್ನು ಮತ್ತೊಮ್ಮೆ ತೊಳೆದು, ಅಂಗಿಯ ತೋಳು ಮಡಿಚಿ, ಎದೆ ಬಡಿದುಕೊಳ್ಳುತ್ತ ಓಡಿದ. ಎತ್ತಿಕೊಳ್ಳಬೇಕಾಗಿದ್ದದ್ದು ರುಬ್ಬುವ ಗುಂಡುಕಲ್ಲು. ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಕುಂಚಿಗಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸುವ ಪದ್ಧತಿ. ಅದು ಭಾರ, ಗಂಡಸೇ ಬೇಕು. ಕಲ್ಲನ್ನು ಮಲಗಿಸಿ ತೂಗಿದ ಮೇಲೆ ಕೂಸು ಹೆಂಗಸರ ಕೈಯಿಂದ ಕೈಗೆ ತೊಟ್ಟಿಲ ಮೇಲೆ, ಕೆಳಗೆ ದಾಟಿತು. ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಊದಿದಳು, ಉಳಿದವರು ಅವಳ ಬೆನ್ನ ಮೇಲೆ ಗುದ್ದು ಹಾಕಿ ನಕ್ಕರು. ಹೊಸ ಅಪ್ಪನಿಗೆ ಅಕ್ಕನನ್ನು ನೋಡಿ ಹೊಟ್ಟೆಕಿಚ್ಚಾಯಿತು. ಗುದ್ದು ಬಿದ್ದರೂ ಚಿಂತೆಯಿಲ್ಲ, ಕಿವಿಯ ಹತ್ತಿರ ಹೋಗಲು ಬಿಟ್ಟಿದ್ದರಲ್ಲ!

ಅಂದಿನಿಂದ ಅವನು ಓದಲು ಹಿಡಿದ. ಓದಿದವರೊಂದಿಗೆ ಬಾಳುವುದು ಕಷ್ಟವೆಂದು ಮಾಳಮಡ್ಡಿಯ ಮನೆಗೆ ಬೇಗನೆ ತಿಳಿಯಿತು. ಬಾಣಂತಿ ಕೋಣೆಯ ಲೋಬಾನದ ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂದ. ಬಜಿ ತೇಯ್ದು ನೆಕ್ಕಿಸುವುದು ಬೇಡ, ಆರು ತಿಂಗಳು ತಾಯಿಯ ಹಾಲು ಬಿಟ್ಟು ನೀರೂ ಬೇಡ ಎಂದ. ಒಂದು ವರ್ಷದ ತನಕ ಜೇನುತುಪ್ಪ ಮುಟ್ಟಿಸಬಾರದು ಎಂದ. ಮೂರೂ ಸರಿಯಾದ ಮಾತೇ. ಇಂದು ಯಾವ ಮಕ್ಕಳ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅತ್ತೆಯವರು ನಾಲ್ಕು ಮಕ್ಕಳನ್ನು ಹೆತ್ತವರು.

"ನಿಮ್ಮನ್ನೂ ಹಿಂಗ ಬೆಳಸ್ಯಾರ, ಅಳಿಯಂದ್ರ. ನೀವೇನು ಕಡಿಮಿ ಆಗೀರಿ?"

"ನಾಲ್ಕೂ ಉಳಿದವೇನ್ರಿ ಅತ್ತಿಯವರ?"

ಬಾಯಿ ತಪ್ಪಿ ಬಂದ ಮಾತು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂರು" ಎಂದರು. ಮರುದಿನ ಲೋಬಾನದ ಹೊಗೆಬಟ್ಟಲು ದೇವರ ಕೋಣೆಗೆ ಹೋಯಿತು. ಕೈಕಾಲು ತೊಳೆದೇ ಕೂಸನ್ನು ಮುಟ್ಟಬೇಕೆಂಬ ಅತ್ತೆಯವರ ಕಾಯ್ದೆಗೆ ಅಳಿಯನೂ ತಲೆಬಾಗಿದ. ಆ ಕಾಯ್ದೆಯನ್ನು ಡಾಕ್ಟರರೂ ತಿದ್ದಲಾರರು.

ಆ "ಮೂರು" ಎಂಬ ಒಂದು ಮಾತಿನಲ್ಲಿ ಹಳೆಯ ಕಾಲವೇ ಇತ್ತು. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2020ರ ಲೆಕ್ಕದಲ್ಲಿ ಅದು 28ಕ್ಕೆ ಇಳಿದಿದೆ, ಕರ್ನಾಟಕದಲ್ಲಿ 19ಕ್ಕೆ. ಅದಕ್ಕೂ ಹಿಂದಿನ ಮಾತು ಕೇಳುವುದೇ ಬೇಡ. ಧಾರವಾಡದ ಸಾಧನಕೇರಿಯ ಬೇಂದ್ರೆಯವರು ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು. ಸತ್ತ ಕೂಸಿನ ಮುಂದೆ ಹೆಂಡತಿಯ ನೋಟವನ್ನು ಎದುರಿಸಲಾರದ ಅಪ್ಪನ ಸಂಕಟವನ್ನು ಅವರು ಕವಿತೆಯಾಗಿಸಿದ್ದನ್ನು ಕನ್ನಡಿಗರು ಇಂದಿಗೂ ಕಣ್ಣು ಒದ್ದೆಯಾಗದೆ ಓದಲಾರರು. ಈ ಸೀಮೆಯಲ್ಲಿ ಅಷ್ಟೊಂದು ಗುಂಡಪ್ಪ, ಕಲ್ಲಪ್ಪ, ತಿಪ್ಪಣ್ಣರು ಯಾಕಿದ್ದಾರೆ? ಹಿಂದಿನ ಕೂಸು ಉಳಿಯದ ಮನೆಯಲ್ಲಿ ಇದಾದರೂ ಕಲ್ಲಿನ ಹಾಗೆ ಗಟ್ಟಿಯಾಗಿರಲಿ, ತಿಪ್ಪೆಯಲ್ಲಿ ಹೊರಳಿಸಿ ತಂದದ್ದೆಂದು ಸಾವಿಗೂ ಬೇಡವಾಗಲಿ ಎಂದು ಇಟ್ಟ ಹೆಸರುಗಳು ಅವು. ತೊಟ್ಟಿಲಲ್ಲಿ ಮೊದಲು ಮಲಗಿದ ಗುಂಡುಕಲ್ಲಿನ ಹಿಂದೆಯೂ ಅದೇ ಹರಕೆ. ಅಂದು ಆ ಕಲ್ಲನ್ನು ಹೊತ್ತು ಬೇಸರಪಟ್ಟಿದ್ದ ಅಪ್ಪ ಇದನ್ನು ತಿಳಿದ ಮೇಲೆ ಇನ್ನೊಮ್ಮೆ ಬೇಕಾದರೂ ಹೊತ್ತಾನು.

ಓದುವಾಗ ಅವನಿಗೆ ಸಿಕ್ಕ ಇನ್ನೊಬ್ಬ ಹೊಸ ಅಪ್ಪನ ಹೆಸರು ಚಾರ್ಲ್ಸ್ ಡಾರ್ವಿನ್. ಜೀವವಿಕಾಸದ ಡಾರ್ವಿನ್ನೇ. 1839ರ ಡಿಸೆಂಬರ್ 27ರಂದು ಅವನ ಮೊದಲ ಮಗ ವಿಲಿಯಂ ಹುಟ್ಟಿದ. ಅಪ್ಪ ಡೈರಿ ಹಿಡಿದು ತೊಟ್ಟಿಲ ಪಕ್ಕ ಕುಳಿತ. ಮೊದಲ ವಾರ ಮಗ ಸೀನಿದ್ದು, ಬಿಕ್ಕಿದ್ದು, ಆಕಳಿಸಿದ್ದು, ಅರಚಿದ್ದು ಎಲ್ಲ ದಾಖಲಾಯಿತು. ಏಳನೆಯ ದಿನ ಕಾಗದದ ಚೂರಿನಿಂದ ಮಗನ ಅಂಗಾಲು ಮುಟ್ಟಿ ನೋಡಿದ. ಕೂಸು ಕಾಲನ್ನು ಝಾಡಿಸಿ ಬೆರಳು ಮುದುಡಿಕೊಂಡಿತು. 45ನೆಯ ದಿನ ಮಗ ನಿಜವಾದ ನಗೆ ನಕ್ಕ ಎಂದೂ ಬರೆದುಕೊಂಡ. ಆ ಟಿಪ್ಪಣಿಗಳನ್ನು ಡಾರ್ವಿನ್ ಲೇಖನವಾಗಿ ಪ್ರಕಟಿಸಿದ್ದು 1877ರಲ್ಲಿ. ಕೂಸಿಗೆ ಆಗ 37 ವರ್ಷ. ಲೋಕ ತಿರುಗಿದ ದೊಡ್ಡ ವಿಜ್ಞಾನಿಗೂ ಮಗನ ಅಂಗಾಲು ಕಚಗುಳಿ ಇಡುವಷ್ಟು ಪುರುಸೊತ್ತು ಇತ್ತೆಂದು ಓದಿ ಗೋಕುಲ ರಸ್ತೆಯ ಅಪ್ಪ ನಿಟ್ಟುಸಿರು ಬಿಟ್ಟ. ಡಾರ್ವಿನ್ ಮನೆಯಲ್ಲೇ ಕೆಲಸ ಮಾಡುತ್ತಿದ್ದ. ಮ್ಯಾನೇಜರ್ ಇರಲಿಲ್ಲ.

ಆದರೂ ನಗೆಯ ಲೆಕ್ಕ ಮನಸ್ಸಿನಲ್ಲಿ ಉಳಿಯಿತು. ಕೂಸುಗಳು ಜನರ ಮುಖ ನೋಡಿ ನಗುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರದ ನಡುವೆ. ಅವನು ಕ್ಯಾಲೆಂಡರಿನಲ್ಲಿ 40ನೆಯ ದಿನದಿಂದ ಗುರುತು ಹಾಕಿದ. ದಿನಾ ಸಂಜೆ ತಪ್ಪದೆ ಹೋದ. ಹೋದಾಗೆಲ್ಲ ಪುಟ್ಟಿ ಗಂಭೀರ. 46ನೆಯ ದಿನ ಚಿಗರಿ ಬಸ್ಸು ನವನಗರ ದಾಟಿತ್ತು. ಫೋನು ಬಂತು.

"ರೀ, ಕೂಸು ನಕ್ತು!"

"ಯಾರ ನೋಡಿ?"

"ನಮ್ಮ ಮನೀ ಹಾಲಿನವನ ನೋಡಿ."

ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರು "ಏನಾತು ತಮ್ಮಾ, ಕೆಟ್ಟ ಸುದ್ದಿ ಏನ?" ಎಂದು ಕೇಳಿದರಂತೆ.

ಅಂದು ರಾತ್ರಿ ಅವನು ಹಟ ಹಿಡಿದ. ಮರಳಿ ಹೋಗುವ ಬಸ್ಸು ಬಿಟ್ಟ. ಅತ್ತೆಯವರು ಹೊರಗೆ ಹಾಸಿದ ಹಾಸಿಗೆಯ ಮೇಲೆ ಮಲಗದೆ, ಕೂಸು ಎದ್ದಾಗ ತಾನೇ ಎತ್ತಿಕೊಂಡ. ಬಟ್ಟೆ ಬದಲಿಸಿದ. ಮೊದಲ ಸಲ ಅಂಗಿಯೂ ತೊಯ್ದಿತು, ಮೊಬೈಲೂ ತೊಯ್ದಿತು. ಕೂಸು ಅವನ ಚಷ್ಮದ ಕಪ್ಪು ಅಂಚನ್ನು ದಿಟ್ಟಿಸಿ ನೋಡಿತು, ಫ್ಯಾನು ನೋಡಿದ ಹಾಗೆಯೇ. ನಗಲಿಲ್ಲ. ಆದರೆ ಅವನ ಕಿರುಬೆರಳನ್ನು ಹಿಡಿದುಕೊಂಡು ಬಿಡಲಿಲ್ಲ. ಅಂಗೈ ಮುಟ್ಟಿದ್ದನ್ನೆಲ್ಲ ಹಿಡಿಯುವುದು ಎಳೆಗೂಸಿನ ಸಹಜ ಪ್ರತಿಕ್ರಿಯೆ, ಅದಕ್ಕೆ ಅಪ್ಪ ಅವ್ವ ಎಂಬ ಭೇದವಿಲ್ಲವೆಂದು ಅವನು ಓದಿದ್ದ. ಓದಿದ್ದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಶನಿವಾರ ಭಾನುವಾರದ ರಾತ್ರಿಗಳು ಅಂದಿನಿಂದ ಅವನ ಪಾಲಿಗೆ ಬಂದವು. ಮೂರನೆಯ ಭಾನುವಾರ ಪುಟ್ಟಿ ನಕ್ಕಳು.

ಇದರಲ್ಲಿ ಮೈಯ ಪಾತ್ರವೂ ಇದೆ. ಫಿಲಿಪೈನ್ಸಿನ ಸೆಬು ನಗರದ 624 ತರುಣರನ್ನು ಕೆಲ ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಪ್ಪಂದಿರಾದವರ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನಿನ ಮಟ್ಟ ಉಳಿದವರಿಗಿಂತ ಹೆಚ್ಚು ಇಳಿದಿತ್ತು. ದಿನಕ್ಕೆ ಮೂರು ತಾಸು ಅಥವಾ ಹೆಚ್ಚು ಹೊತ್ತು ಕೂಸಿನ ಆರೈಕೆ ಮಾಡುವವರಲ್ಲಿ ಅದು ಇನ್ನೂ ಕಡಿಮೆ. ಹೆಣ್ಣಿನ ಮೈಯನ್ನು ತಾಯಿಯಾಗಲು ಒಂಬತ್ತು ತಿಂಗಳು ಸಿದ್ಧಪಡಿಸುವ ಪ್ರಕೃತಿ ಗಂಡಿನ ಮೈಯನ್ನೂ ಮರೆತಿಲ್ಲ. ಆದರೆ ಕೂಸು ಕೈಗೆ ಬಂದ ಮೇಲೆ, ಕೈಯಲ್ಲಿದ್ದಷ್ಟು ಹೊತ್ತು.

ಇದನ್ನು ಓದಿದಾಗ ಅವನಿಗೆ ತನ್ನ ಅಪ್ಪನ ನೆನಪಾಯಿತು. ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಮಗನನ್ನು ಎಂದೂ ಎತ್ತಿ ಆಡಿಸಿದವರಲ್ಲ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಹಿರಿಯರ ಮುಂದೆ ತನ್ನ ಕೂಸನ್ನು ತಾನೇ ಎತ್ತಿ ಮುದ್ದಾಡುವುದು ಅಂದಿನ ಕೂಡು ಮನೆಗಳಲ್ಲಿ ಮರ್ಯಾದೆ ಎನಿಸಿಕೊಳ್ಳುತ್ತಿರಲಿಲ್ಲ. ಆ ಮಾತು ಚಿಕ್ಕಂದಿನಿಂದ ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು.

ಮೂರು ತಿಂಗಳು ತುಂಬಿದ ಮೇಲೆ ತಾಯಿ ಮಗಳು ವಿದ್ಯಾನಗರಕ್ಕೆ ಬಂದರು. ಹೊಸ ಮನೆ, ಹೊಸ ವಾಸನೆ, ಹೊಸ ತೊಟ್ಟಿಲು. ಮೊದಲ ರಾತ್ರಿ ಎರಡು ಗಂಟೆಗೆ ಪುಟ್ಟಿ ದನಿ ತೆಗೆದಳು. ಹೆಂಡತಿ ದಣಿದು ಮಲಗಿದ್ದಳು. ಅವನು ಕೂಸನ್ನು ಎತ್ತಿಕೊಂಡು ನಡುಮನೆಗೆ ಬಂದು ಅತ್ತಿಂದಿತ್ತ ಅಡ್ಡಾಡತೊಡಗಿದ. ಮಂಚದ ಮೇಲೆ ಮಲಗಿದ್ದ ಅಜ್ಜ ಎದ್ದು ಕುಳಿತರು.

"ಹಂಗಲ್ಲ. ಎಡಗೈ ಮ್ಯಾಲೆ ಹಾಕ್ಕೋ. ಕಿವಿ ನಿನ್ನ ಎದಿಗೆ ಹತ್ತಬೇಕು. ಕುಣಸಬ್ಯಾಡ, ಸಾವಕಾಶ ತೂಗು."

ಹೇಳಿದಂತೆ ಮಾಡಿದ. ಕೂಸು ಸುಮ್ಮನಾಯಿತು.

"ಅಪ್ಪಾ, ಇದೆಲ್ಲಾ ನಿಮಗ ಹೆಂಗ ಗೊತ್ತು? ನೀವು ನನ್ನ ಎಂದೂ ಎತ್ಕೊಂಡೇ ಇಲ್ಲ ಅಂತಾರಲ್ಲ ಎಲ್ಲಾರೂ?"

"ಎಲ್ಲಾರೂ ಹಗಲಿಂದು ಹೇಳ್ತಾರ" ಎಂದರು ಅಜ್ಜ. "ಹಗಲ ನಮ್ಮಪ್ಪ ಪಡಸಾಲಿಯಾಗ ಕುಂತಿರ್ತಿದ್ದ. ನಾ ಎರಡನೇ ಪಾಳಿ ಮುಗಿಸಿ ಬರೂದ್ರಾಗ ಹನ್ನೆರಡು ಹೊಡದಿರ್ತಿತ್ತು. ನಿಮ್ಮವ್ವ ನಿನ್ನ ತಂದು ನನ್ನ ಕೈಯಾಗ ಕೊಟ್ಟು ಬಾಗಲಾ ಮುಂದ ಮಾಡ್ತಿದ್ಲು. ದೀಪಾ ಹಚ್ಚತಿದ್ದಿಲ್ಲ."

"ಕತ್ತಲದಾಗ ಏನ ಕಾಣ್ತಿತ್ತು?"

"ಹತ್ರ ಹಿಡಕೊಂಡ್ರ ಕಾಣ್ತದೋ" ಎಂದು ಅಜ್ಜ ಗೋಡೆಯ ಕಡೆ ಹೊರಳಿ ಮಲಗಿದರು.

ಮರುದಿನ ಹೊಸ ಅಪ್ಪ ಕಚೇರಿಗೆ ಅರ್ಧ ತಾಸು ತಡವಾಗಿ ಬಂದ. ಕಣ್ಣು ಕೆಂಪು, ಅಂಗಿಯ ಹೆಗಲ ಮೇಲೆ ಹಾಲಿನ ಕಲೆ.

"ಯಾಕ್ರಿ ಲೇಟು?" ಎಂದರು ಮ್ಯಾನೇಜರ್ ಸಾಹೇಬರು.

"ರಾತ್ರಿ ಎರಡನೇ ಪಾಳಿ ಇತ್ರಿ ಸರ್."

"ನಮ್ಮಲ್ಲಿ ಪಾಳಿ ಎಲ್ಲಿ ಅದಾವ್ರಿ?" ಎಂದು ಸಾಹೇಬರು ಹುಬ್ಬೇರಿಸಿದರು. ಅವನು ಉತ್ತರ ಹೇಳದೆ ನಗುತ್ತ ಹೋಗಿ ಲೆಕ್ಕದ ಪುಸ್ತಕ ತೆರೆದ.